ಇಬ್ಬರು ಸೇಲ್ಸ್‌ಮನ್‌ಗಳು, ಒಂದೇ ಹೊಸಿಲು: ಸ್ವತಂತ್ರ ಹಾಸ್ಯಚಿತ್ರವೊಂದನ್ನು ಕಟ್ಟಿದ ಕ್ರಮ

ಮನೆ ಮನೆ ತಿರುಗಿ ಒಂದೇ ಬಗೆಯ ವಸ್ತು ಮಾರುವ ಇಬ್ಬರು ಎದುರಾಳಿಗಳು. ಕಥೆಗೆ ಬೇಕಾದ ಸೆಟ್ ತೀರಾ ಚಿಕ್ಕದು: ಒಂದು ಬಾಗಿಲು, ಅದರ ಹೊರಗೆ ಒಬ್ಬ, ಒಳಗೆ ಒಬ್ಬರು. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ತಂಡಕ್ಕೆ ಹೇಳಿ ಮಾಡಿಸಿದ ವಿಷಯ ಎಂದು ಚಿತ್ರಕಥೆ ಬರೆಯುವ ಹೊತ್ತಿಗೆ ಅನ್ನಿಸುತ್ತದೆ. ಆದರೆ ಬೆಳಕಿಗೆ, ಶಬ್ದಕ್ಕೆ, ಕ್ಯಾಮೆರಾಕ್ಕೆ ಹೊಸಿಲಿನಷ್ಟು ಕಷ್ಟದ ಜಾಗ ಇನ್ನೊಂದಿಲ್ಲ. ಹೊರಗೆ ಬಿಸಿಲು, ಒಳಗೆ ಮಬ್ಬು. ಹೊರಗೆ ರಸ್ತೆಯ ಸದ್ದು, ಒಳಗೆ ಗೋಡೆಗಳ ಮಾರ್ದನಿ. ಇಡೀ ಚಿತ್ರ ಆ ಗೆರೆಯ ಮೇಲೆಯೇ ನಡೆಯುವುದರಿಂದ, ಬರವಣಿಗೆಯಿಂದ ಹಿಡಿದು ಕೊನೆಯ ಶಬ್ದ ಮಿಕ್ಸಿಂಗ್ ತನಕ ನಾವು ತೆಗೆದುಕೊಂಡ ತೀರ್ಮಾನಗಳೆಲ್ಲ ಹೊಸಿಲನ್ನು ನೋಡಿಕೊಂಡೇ ಆದವು.

ಮೊದಲು ಗಟ್ಟಿಯಾಗಬೇಕಾದದ್ದು ಅವರು ಏನು ಮಾರುತ್ತಾರೆ ಎಂಬುದು. ಪುಸ್ತಕ, ಬ್ರಷ್, ವಿಮೆ, ಚಾಕು ಎಲ್ಲವನ್ನೂ ತೂಗಿ ನೋಡಿ ವ್ಯಾಕ್ಯೂಮ್ ಕ್ಲೀನರ್ ಆರಿಸಿಕೊಂಡೆವು. ಕಾರಣ ಅದರ ಪ್ಲಗ್. ಪುಸ್ತಕವನ್ನು ಹೊರಗೇ ನಿಂತು ತೋರಿಸಬಹುದು, ವಿಮೆಗೆ ಕಾಗದ ಸಾಕು. ವಯರ್ ಇರುವ ಕ್ಲೀನರ್ ಮಾತ್ರ ಕರೆಂಟ್ ಇಲ್ಲದೆ ಸತ್ತಂತೆ, ಕರೆಂಟ್ ಇರುವುದು ಮನೆಯೊಳಗೆ. ಹೀಗಾಗಿ ಮಾರುವವನು ಹೊಸಿಲು ದಾಟಲೇಬೇಕು, ಮನೆಯವರು ತಡೆಯಲೇಬೇಕು. ಪ್ರತಿ ದೃಶ್ಯಕ್ಕೂ ಒಂದು ಗುರಿ, ಒಂದು ಅಡ್ಡಿ ಬರೆಯದೆಯೇ ಸಿಕ್ಕಿಬಿಡುತ್ತದೆ. ಬೇರೆ ಬೇರೆ ವಸ್ತು ಮಾರುವ ಎದುರಾಳಿಗಳಿಗಿಂತ, ಹೆಚ್ಚುಕಡಿಮೆ ಒಂದೇ ಯಂತ್ರವನ್ನು ಎರಡು ಕಂಪನಿಗಳ ಹೆಸರಲ್ಲಿ ಮಾರುವವರು ಹಾಸ್ಯಕ್ಕೆ ಒಳ್ಳೆಯದು. ವಸ್ತುವಿನಲ್ಲಿ ವ್ಯತ್ಯಾಸವಿಲ್ಲದಾಗ ನೋಡುಗರ ಕಣ್ಣು ಮನುಷ್ಯರ ಮೇಲೆ ನಿಲ್ಲುತ್ತದೆ.

ಹಾಗಾದರೆ ಆ ಇಬ್ಬರಲ್ಲಿ ವ್ಯತ್ಯಾಸವೇನು? ಒಬ್ಬ ಸಿಡುಕ, ಒಬ್ಬ ಸಾಧು ಎಂದು ಸ್ವಭಾವ ಹಂಚಿದರೆ ಹತ್ತು ನಿಮಿಷಕ್ಕೆ ಸರಕು ಮುಗಿಯುತ್ತದೆ. ನಾವು ಹಂಚಿದ್ದು ಮಾರುವ ವಿಧಾನವನ್ನು. ಮನಃಶಾಸ್ತ್ರದಲ್ಲಿ ಎರಡು ಪ್ರಸಿದ್ಧ ಪ್ರಯೋಗಗಳಿವೆ. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಳದಲ್ಲಿ ದೊಡ್ಡ ಫಲಕ ನೆಡಲು ನೇರವಾಗಿ ಕೇಳಿದಾಗ ಒಪ್ಪಿದವರು ಶೇ. 17ರಷ್ಟು, ಮೊದಲು ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಅಂಟಿಸಿಕೊಳ್ಳಲು ಒಪ್ಪಿಸಿ, ಆಮೇಲೆ ದೊಡ್ಡದನ್ನು ಕೇಳಿದಾಗ ಒಪ್ಪಿದವರು ಶೇ. 76. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ದಾರಿ ಅದು. 1975ರಲ್ಲಿ ಚಾಲ್ಡೀನಿ ಮತ್ತು ಸಂಗಡಿಗರು ಇದರ ತಲೆಕೆಳಗಾದ ರೂಪ ತೋರಿಸಿದರು: ಮೊದಲು ಯಾರೂ ಒಪ್ಪದಷ್ಟು ದೊಡ್ಡದನ್ನು ಕೇಳಿ ಬೇಡವೆನ್ನಿಸಿಕೊಂಡು, ಕೂಡಲೇ ಚಿಕ್ಕದನ್ನು ಕೇಳುವುದು. ಅಲ್ಲಿ ಒಪ್ಪಿಗೆ ಶೇ. 17ರಿಂದ ಶೇ. 50ಕ್ಕೆ ಏರಿತು. ನಮ್ಮ ಹಿರಿಯ ಸೇಲ್ಸ್‌ಮನ್ ಮೊದಲ ದಾರಿಯವನು. “ಅಮ್ಮಾ, ಗಂಟೆ ಎಷ್ಟಾಯ್ತು?” ಎಂದು ಶುರುಮಾಡಿ, ಪೆನ್ನು ಕೇಳಿ, ಕೂರಲು ಕೇಳಿ, ಪ್ಲಗ್ ಪಾಯಿಂಟ್ ತನಕ ತಲುಪುತ್ತಾನೆ. ಕಿರಿಯವನು ಎರಡನೆಯ ದಾರಿಯವನು. “ಮೇಡಂ, ಮಹಡಿಗೊಂದರಂತೆ ಮೂರು ಮೆಷಿನ್ ತಗೊಳ್ಳಿ” ಎಂದು ಶುರುಮಾಡಿ, “ಹೋಗಲಿ, ಎರಡು ನಿಮಿಷ ನೋಡಿ ಸಾಕು” ಎಂಬಲ್ಲಿಗೆ ಇಳಿಯುತ್ತಾನೆ. ಈ ಹಂಚಿಕೆಯಿಂದ ಸಂಭಾಷಣೆ ಬರೆಯುವವರಿಗೆ ಸಿಗುವ ಲಾಭ ದೊಡ್ಡದು. ಯಾವ ಬಾಗಿಲಿನಲ್ಲಿ ನಿಲ್ಲಿಸಿದರೂ ಇವನ ಮೊದಲ ವಾಕ್ಯ ಏನು, ಅವನದು ಏನು ಎಂದು ತಡಕಾಡಬೇಕಿಲ್ಲ. ಅರ್ಧ ಚಿತ್ರ ಕಳೆದ ಮೇಲೆ ಇಬ್ಬರೂ ದಾರಿ ಅದಲುಬದಲು ಮಾಡಿಕೊಂಡರೆ ನೋಡುಗರಿಗೆ ವಿವರಿಸದೆಯೇ ಗೊತ್ತಾಗುತ್ತದೆ.

ಕಥೆಯ ಇನ್ನೊಂದು ಎಂಜಿನ್ ಕಾನೂನಿನಿಂದ ಬಂತು. ಮನೆಬಾಗಿಲ ಮಾರಾಟಕ್ಕೆ ಅನೇಕ ಕಡೆ ಮನಸ್ಸು ಬದಲಿಸುವ ಅವಧಿ ಇದೆ. ಅಮೆರಿಕದ ಒಕ್ಕೂಟ ನಿಯಮದಲ್ಲಿ ಮೂರು ಕೆಲಸದ ದಿನ, ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿ 14 ದಿನ. ಅಂದರೆ ಸಹಿ ಬಿದ್ದರೂ ವ್ಯಾಪಾರ ಮುಗಿದಿಲ್ಲ. ಎದುರಾಳಿ ಆ ಅವಧಿಯೊಳಗೆ ಅದೇ ಬಾಗಿಲಿಗೆ ಬಂದು ರದ್ದು ಮಾಡಿಸಬಹುದು. ಇದು ಸಿಕ್ಕ ಮೇಲೆ ಚಿತ್ರಕ್ಕೆ ಎರಡನೇ ಸುತ್ತು ಸಿಕ್ಕಿತು: ಮೊದಲರ್ಧದಲ್ಲಿ ಮಾರಿದ್ದನ್ನೆಲ್ಲ ದ್ವಿತೀಯಾರ್ಧದಲ್ಲಿ ಕಾಯಬೇಕು. ಅದೇ ಮನೆ, ಅದೇ ಬಾಗಿಲು ಮತ್ತೆ ಬರುವುದಕ್ಕೆ ಕಥೆಯಲ್ಲೇ ಕಾರಣವಿರುವುದರಿಂದ ಲೊಕೇಶನ್ ಖರ್ಚೂ ಇಳಿಯಿತು. ಇಂಥ ಕಥೆ ಬರೆಯುವವರು ಕಥೆ ನಡೆಯುವ ಊರಿನ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ದಿನದ ಲೆಕ್ಕ ತಪ್ಪಿದರೆ ಗಡುವಿನ ಮೇಲೆ ನಿಂತ ದೃಶ್ಯಗಳೆಲ್ಲ ಸಡಿಲವಾಗುತ್ತವೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಚಿತ್ರಕಥೆಯ ಹಳೆಯ ಲೆಕ್ಕ ಇಲ್ಲಿ ಕೈಕೊಡುತ್ತದೆ. ಮಾರುವ ಮಾತು ವೇಗವಾದದ್ದು, ಒಂದು ಪುಟ 40 ಸೆಕೆಂಡಿಗೂ ಮುಗಿಯಬಹುದು. ಬಾಗಿಲು ತೆರೆಯುವ ತನಕದ ಕಾಯುವಿಕೆಯೋ, ಪುಟದ ಮೇಲೆ ಅರ್ಧ ಸಾಲಾದರೂ ತೆರೆಯ ಮೇಲೆ ಹತ್ತು ಸೆಕೆಂಡು. ಆದ್ದರಿಂದ ಚಿತ್ರಕಥೆಯನ್ನು ಗಟ್ಟಿಯಾಗಿ ಓದಿ, ಕಾಯುವ ಜಾಗದಲ್ಲಿ ನಿಜವಾಗಿಯೂ ಕಾದು, ಸ್ಟಾಪ್‌ವಾಚ್ ಹಿಡಿದು ಅಳೆಯಬೇಕು. ಬಾಗಿಲ ದೃಶ್ಯ ಎರಡು ನಿಮಿಷ ದಾಟಿದರೆ ಅದಕ್ಕೆ ಕಾರಣ ಕೇಳಿಕೊಳ್ಳಬೇಕು. ಮೊದಲ ಬಾಗಿಲು ಕ್ರಮವನ್ನು ಕಲಿಸುತ್ತದೆ, ಎರಡನೆಯದು ಅದನ್ನು ಖಾತ್ರಿ ಮಾಡುತ್ತದೆ, ಮೂರನೆಯದು ಮುರಿಯುತ್ತದೆ. ಪ್ರಾತ್ಯಕ್ಷಿಕೆಯ ನಡುವೆ ಕರೆಂಟ್ ಹೋಗುವ ತಮಾಷೆಯನ್ನು ಮಾತ್ರ ದಯವಿಟ್ಟು ಇಡಬೇಡಿ. ಪ್ಲಗ್ ಕಂಡ ಕೂಡಲೇ ನೋಡುಗರು ಅದನ್ನು ಊಹಿಸಿಬಿಡುತ್ತಾರೆ.

ಯಂತ್ರದ ವಿಷಯ. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್ 70ರಿಂದ 80 ಡೆಸಿಬಲ್ ಸದ್ದು ಮಾಡುತ್ತದೆ, ಸಹಜ ಮಾತು 60ರ ಆಸುಪಾಸು. ಓಡುವ ಯಂತ್ರದ ಪಕ್ಕ ಹೇಳಿದ ಸಂಭಾಷಣೆ ಸಿಂಕ್ ಸೌಂಡಿನಲ್ಲಿ, ಅಂದರೆ ಚಿತ್ರೀಕರಣದ ಹೊತ್ತಿನಲ್ಲೇ ಹಿಡಿದ ಶಬ್ದದಲ್ಲಿ, ಉಳಿಯುವುದಿಲ್ಲ. ಹಾಗಾಗಿ ಒಂದೇ ಮಾದರಿಯ ಯಂತ್ರಗಳಲ್ಲಿ ಒಂದನ್ನು ಓಡುವಂತೆ ಬಿಟ್ಟು, ಉಳಿದವುಗಳ ಮೋಟರ್ ಬಿಚ್ಚಿಸಬೇಕು. ಬಿಚ್ಚಿದ ಮೋಟರಿನ ತೂಕಕ್ಕೆ ಸಮನಾದ ಮರಳಿನ ಚೀಲವನ್ನು ಒಳಗೆ ಕಟ್ಟದಿದ್ದರೆ ನಟನ ಭುಜ ಸುಳ್ಳು ಹೇಳುತ್ತದೆ. ಖಾಲಿ ಪೆಟ್ಟಿಗೆ ಎತ್ತಿದವನ ನಡಿಗೆಯೇ ಬೇರೆ, ಅದನ್ನು ಅಭಿನಯದಿಂದ ಮುಚ್ಚಲು ಆಗುವುದಿಲ್ಲ. ಓಡುವ ಯಂತ್ರದ ಶಬ್ದವನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಬೇಕು: ಆನ್ ಆಗುವುದು, ಓಡುವುದು, ಕಾರ್ಪೆಟ್ ಮೇಲೆ, ನೆಲದ ಮೇಲೆ, ಬಟ್ಟೆ ಸಿಕ್ಕಿಕೊಂಡಾಗ, ಆಫ್ ಆಗಿ ಇಳಿಯುವುದು. ಕಾರ್ಪೆಟ್ ಮೇಲೆ ಚೆಲ್ಲುವ ಕೊಳೆಗೆ ಜರಡಿ ಹಿಡಿದ ಒಣ ಮಣ್ಣು ಸರಿ. ಹಿಟ್ಟು ಬಿಳುಪಾಗಿ ಹೊಳೆಯುತ್ತದೆ, ಗಾಳಿಗೆ ಏಳುತ್ತದೆ, ಮುಂದಿನ ಟೇಕ್‌ಗೆ ಪೂರ್ತಿ ತೆಗೆಯಲೂ ಆಗುವುದಿಲ್ಲ. ಒಂದೇ ಬಣ್ಣದ ಕಾರ್ಪೆಟ್ ತುಂಡುಗಳನ್ನು ಕತ್ತರಿಸಿ ಇಟ್ಟುಕೊಂಡು ಟೇಕ್‌ಗೆ ಒಂದು ಬದಲಿಸುವುದು ವೇಗದ ದಾರಿ. ಎರಡು ಕಂಪನಿಗಳ ಹೆಸರು, ಲೋಗೊ ಕಲ್ಪಿತವಾಗಿರಬೇಕು. ಅದೇ ಹೆಸರಿನ ನೋಂದಾಯಿತ ಟ್ರೇಡ್‌ಮಾರ್ಕ್ ಇದೆಯೇ ಎಂದು ಹುಡುಕಿದ ಮೇಲೆಯೇ ಪೆಟ್ಟಿಗೆಗಳ ಮೇಲೆ ಬರೆಸಬೇಕು. ಯಂತ್ರದ ಮೇಲಿರುವ ನಿಜವಾದ ಬ್ರ್ಯಾಂಡ್ ಹೆಸರನ್ನು ಉಜ್ಜಿ ತೆಗೆದು ಅದೇ ಬಣ್ಣ ಬಳಿಯುವುದು ಒಳ್ಳೆಯದು. ಟೇಪ್ ಅಂಟಿಸಿದರೆ ಕ್ಲೋಸಪ್‌ನಲ್ಲಿ ಅಂಚು ಕಾಣುತ್ತದೆ.

ಇನ್ನು ಮನೆಗಳು. ಚಿತ್ರದಲ್ಲಿ ಹದಿನಾಲ್ಕು ಬಾಗಿಲು ಬಂದರೆ ಹದಿನಾಲ್ಕು ಮನೆ ಹುಡುಕಬೇಕಿಲ್ಲ. ಐದು ಮನೆ ಸಾಕು, ಮುಂಬಾಗಿಲು, ಹಿಂಬಾಗಿಲು, ಪಕ್ಕದ ಬಾಗಿಲು ಎಣಿಸಿದರೆ. ಕದಕ್ಕೆ ಕಿತ್ತರೆ ಗುರುತು ಉಳಿಯದ ಬಣ್ಣದ ವಿನೈಲ್ ಹಾಳೆ, ಬೇರೆ ಮನೆ ನಂಬರ್, ಬೇರೆ ಕಾಲೊರಸು, ಬೇರೆ ಬೆಲ್ ಸ್ವಿಚ್, ಕಿಟಕಿಗೆ ಬೇರೆ ಪರದೆ, ಒಂದೆರಡು ಗಿಡದ ಕುಂಡ, ಇಷ್ಟರಲ್ಲಿ ಬಾಗಿಲು ಹೊಸದಾಗುತ್ತದೆ. ಬದಲಿಸಲಾಗದ್ದು ನೆಲದ ಟೈಲ್ಸ್ ಮತ್ತು ಮೆಟ್ಟಿಲು. ನೋಡುಗರು ಗುರುತು ಹಿಡಿಯುವುದೂ ಅಲ್ಲೇ, ಹಾಗಾಗಿ ಒಂದೇ ಮನೆಯ ಎರಡು ಬಾಗಿಲು ಚಿತ್ರದಲ್ಲಿ ಒಂದರ ಹಿಂದೆ ಒಂದು ಬರದಂತೆ ನೋಡಿಕೊಳ್ಳಬೇಕು. ಒಪ್ಪಿಗೆ ಪತ್ರ ಬರಹದಲ್ಲಿರಲಿ: ಯಾವ ದಿನಾಂಕ, ಎಷ್ಟು ಗಂಟೆಯಿಂದ ಎಷ್ಟರ ತನಕ, ಯಾವ ಕೋಣೆಗಳು, ಯಾರ ಕರೆಂಟ್, ಹಾನಿಯಾದರೆ ಯಾರು ಕಟ್ಟಿಕೊಡಬೇಕು, ಮನೆಯನ್ನು ತೆರೆಯ ಮೇಲೆ ತೋರಿಸಲು ಒಪ್ಪಿಗೆ ಇದೆಯೇ. ಕೆಲಸಕ್ಕೆ ಮುಂಚೆ ಗೋಡೆ, ಕದ, ನೆಲದ ಫೋಟೊ ತೆಗೆದಿಡಬೇಕು. ಮೊದಲೇ ಇದ್ದ ಗೀರಿಗೂ ತಂಡದ ಮೇಲೆ ಮಾತು ಬರುವುದು ಇದೊಂದರಿಂದ ತಪ್ಪುತ್ತದೆ. ಬಾಗಿಲು ರಸ್ತೆಗೆ ಮುಖ ಮಾಡಿರುವುದರಿಂದ ಅಕ್ಕಪಕ್ಕದವರಿಗೂ ಮುಂಚಿತವಾಗಿ ತಿಳಿಸಬೇಕು. ಒಬ್ಬರು ಗೇಟಿನ ಬಳಿ ಕೂತು ಮಾತಾಡಿದರೂ ಟೇಕ್ ಹೋಗುತ್ತದೆ.

ಮನೆ ಆರಿಸುವಾಗ ನಾವು ಮೊದಲು ನೋಡಿದ್ದು ಕದದ ಕೀಲು ಯಾವ ಕಡೆ ಎಂಬುದನ್ನು. ಕದ ಒಳಕ್ಕೆ ತೆರೆಯುವಾಗ ಮೊದಲು ಸಿಗುವುದು ಒಂದು ಬಿರುಕು. ಮನೆಯವರ ಅರ್ಧ ಮುಖ ಆ ಬಿರುಕಿನಲ್ಲಿ ಕಾಣುವ ಕ್ಷಣದಲ್ಲೇ ಅರ್ಧ ಹಾಸ್ಯವಿದೆ. ಹೊರಗಿನ ಕ್ಯಾಮೆರಾ ಕೀಲು ಇರುವ ಬದಿಯಲ್ಲಿ ನಿಂತರೆ ನೋಟ ಕದದ ಉದ್ದಕ್ಕೂ ಹಾದು ಬಿರುಕಿನೊಳಗೆ ಇಳಿದು ಮುಖ ಮುಟ್ಟುತ್ತದೆ. ಚಿಲಕದ ಬದಿಯಲ್ಲಿ ನಿಂತರೆ ಕದವೇ ಅಡ್ಡ ಬಂದು ಮುಖ ಮರೆಯಾಗುತ್ತದೆ. ಎಲ್ಲ ಮನೆಗಳಲ್ಲೂ ಕೀಲು ಒಂದೇ ಕಡೆ ಇದ್ದರೆ ಎಲ್ಲ ಬಾಗಿಲನ್ನೂ ಒಂದೇ ಕೋನದಿಂದ ಹಿಡಿಯಬಹುದು. ಹಿರಿಯ, ಕಿರಿಯ ಇಬ್ಬರಿಗೂ ಅದೇ 35 ಎಂಎಂ ಲೆನ್ಸ್, ಅದೇ ಎದೆಮಟ್ಟದ ಎತ್ತರ, ಹೊಸಿಲಿನಿಂದ ಅದೇ ದೂರ. ಅಳತೆಯನ್ನು ಬರೆದಿಟ್ಟು ಪ್ರತಿ ಮನೆಯಲ್ಲೂ ಟೇಪ್ ಹಿಡಿದು ಮರಳಿ ಹೊಂದಿಸಬೇಕು. ಚೌಕಟ್ಟು ಕದಲದಿದ್ದಾಗ ಪಾದ ಎರಡು ಅಂಗುಲ ಮುಂದೆ ಬಂದದ್ದೂ ದೊಡ್ಡ ಘಟನೆಯಾಗಿ ಕಾಣುತ್ತದೆ. ಹಾಗೆ ಕಾಣಲು ಪಾದಗಳು ಫ್ರೇಮಿನಲ್ಲಿರಬೇಕು. ಈ ಚಿತ್ರದಲ್ಲಿ ಹೊಸಿಲಿನ ಮೇಲಿನ ಬೂಟು ಮುಖದಷ್ಟೇ ಮುಖ್ಯ. ಹಿರಿಯ ಯಾವಾಗಲೂ ಫ್ರೇಮಿನ ಎಡದಿಂದ, ಕಿರಿಯ ಬಲದಿಂದ ಒಳಬರಲಿ. ರಸ್ತೆಯ ಮೇಲೆ ಇಬ್ಬರೂ ಒಂದೇ ಮನೆಗೆ ನುಗ್ಗುವ ದೃಶ್ಯದಲ್ಲಿ ಯಾರು ಯಾವ ದಿಕ್ಕಿನಿಂದ ಎಂಬ ಗೊಂದಲ ಆಗ ಬರುವುದಿಲ್ಲ. ಬಾಗಿಲ ಕಣ್ಣಿನ ಮೂಲಕ ನೋಡುವ ಉಬ್ಬಿದ ಮುಖದ ಶಾಟ್ ಎಲ್ಲರಿಗೂ ಇಷ್ಟ. ಇಡೀ ಚಿತ್ರದಲ್ಲಿ ಒಂದೇ ಸಲ ಸಾಕು.

ಬೆಳಕಿನ ಅಂತರ ದೊಡ್ಡ ತಲೆನೋವು. ಬಿಸಿಲಿನ ಅಂಗಳಕ್ಕೂ ಮನೆಯ ಒಳಗಿಗೂ ಐದಾರು ಸ್ಟಾಪ್ ವ್ಯತ್ಯಾಸ ಸುಲಭವಾಗಿ ಬರುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಹೊರಗಿನವನಿಗೆ ಎಕ್ಸ್‌ಪೋಶರ್ ಹೊಂದಿಸಿದರೆ ಒಳಗಿನವರು ಕಪ್ಪು ಗುಂಡಿ, ಒಳಗಿನವರಿಗೆ ಹೊಂದಿಸಿದರೆ ಹೊರಗೆಲ್ಲ ಬಿಳಿ. ಲೆನ್ಸ್‌ಗೆ ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಹಾಕಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಅಂತರ ಅಷ್ಟೇ ಉಳಿಯುತ್ತದೆ. ಇದಕ್ಕೆ ನಿಜವಾದ ಪರಿಹಾರ ಬಾಗಿಲು ನೆರಳಿನಲ್ಲಿರುವ ಹೊತ್ತು ಹುಡುಕುವುದು. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ಬೆಳಿಗ್ಗೆ, ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಮಧ್ಯಾಹ್ನದ ನಂತರ. ಆಮೇಲೆ ಒಳಗೆ ಬಾಗಿಲಿನ ಪಕ್ಕ, ಫ್ರೇಮಿನ ಹೊರಗೆ, ಹಗಲು ಬೆಳಕಿನ ಬಣ್ಣದ ಎಲ್‌ಇಡಿ ಒಂದನ್ನು ಬಿಳಿ ಥರ್ಮಾಕೋಲ್‌ಗೆ ತಿರುಗಿಸಿ ಒಳಗಿನ ಮುಖವನ್ನು ಎತ್ತಬೇಕು. ಒಳಗಿನವರ ಮುಖ ಹೊರಗಿನವನಿಗಿಂತ ಒಂದೂವರೆ ಸ್ಟಾಪ್ ಕಡಿಮೆ ಇದ್ದರೆ ಮನೆಯೊಳಗಿದ್ದಾರೆ ಎಂಬುದೂ ಉಳಿಯುತ್ತದೆ, ಕಣ್ಣುಗಳೂ ಓದಲು ಸಿಗುತ್ತವೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಮನೆಯಲ್ಲಿ ಉರಿಯುವ ಹಳದಿ ಬಲ್ಬ್ 2700ರ ಹತ್ತಿರ, ಹಗಲು 5600ರ ಹತ್ತಿರ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಬಿಡಿಸಲಾಗದು, ಆದ್ದರಿಂದ ಮುಖಕ್ಕೆ ತಾಗುವ ಮನೆಯ ದೀಪ ಆರಿಸಿಬಿಡಿ. ಹಿನ್ನೆಲೆಯ ದೀಪ ಇರಲಿ, ಚೆನ್ನಾಗಿ ಕಾಣುತ್ತದೆ. 50 ಹರ್ಟ್ಸ್ ಕರೆಂಟ್ ಇರುವ ಕಡೆ ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರ್ ಕೋನ 172.8 ಡಿಗ್ರಿ ಇಟ್ಟರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ ಸೆಕೆಂಡಿನ 50ನೇ ಒಂದು ಭಾಗವಾಗಿ ದೀಪದ ಮಿಣುಕು ನಿಲ್ಲುತ್ತದೆ, 60 ಹರ್ಟ್ಸ್ ಇರುವ ಕಡೆ 144 ಡಿಗ್ರಿ. ಕೆಲವು ಅಗ್ಗದ ಎಲ್‌ಇಡಿ ಬಲ್ಬ್‌ಗಳು ಇದಕ್ಕೂ ಬಗ್ಗುವುದಿಲ್ಲ, ಅವನ್ನು ಬದಲಿಸಬೇಕು.

ಶಬ್ದದಲ್ಲಿ ನಾವು ಬಿಡದೆ ಪಾಲಿಸಿದ್ದು, ಮನೆಯ ನಿಜವಾದ ಬೆಲ್ ಸಂಪರ್ಕ ತೆಗೆದುಬಿಡುವುದು. ಬೆಲ್ಲು ಟೇಕಿನೊಳಗೆ ರೆಕಾರ್ಡ್ ಆದರೆ ಅದಕ್ಕೂ ಬಾಗಿಲು ತೆರೆಯುವುದಕ್ಕೂ ನಡುವಿನ ಸಮಯ ಅಲ್ಲಿಗೇ ಗಟ್ಟಿಯಾಗಿಬಿಡುತ್ತದೆ. ಆ ಸಮಯವೇ ಈ ಚಿತ್ರದ ಉಸಿರು, ಸಂಕಲನಕಾರರ ಕೈಯಲ್ಲಿ ಸಡಿಲವಾಗಿರಬೇಕು. ನಟ ಸ್ವಿಚ್ ಒತ್ತುತ್ತಾನೆ, ಒಳಗಿರುವ ಸಹಾಯಕ ನಿರ್ದೇಶಕರು ಬಾಗಿಲು ತೆರೆಯುವವರ ಭುಜ ತಟ್ಟುತ್ತಾರೆ, ಬೆಲ್ ಆಮೇಲೆ ಸೇರುತ್ತದೆ. ಪ್ರತಿ ಬಾಗಿಲಿನ ಶಬ್ದವನ್ನೂ ಬಿಡಿಬಿಡಿಯಾಗಿ ಹಿಡಿಯಬೇಕು: ಚಿಲಕ, ಸರಪಳಿ, ಕೀಲಿನ ಕಿರುಗು, ಮೆಲ್ಲಗೆ ಮುಚ್ಚುವುದು, ರಪ್ಪನೆ ಮುಚ್ಚುವುದು. ರಪ್ಪನೆ ಮುಚ್ಚುವ ಸದ್ದು ಮಾತಿನ ಮಟ್ಟಕ್ಕೆ ಇಟ್ಟ ರೆಕಾರ್ಡರಿನಲ್ಲಿ ಒಡೆದುಹೋಗುತ್ತದೆ, ಮಟ್ಟ ಇಳಿಸಿ ಬೇರೆ ಟೇಕ್ ಮಾಡಿ. ಹೊರಗಿನವನಿಗೆ ಬೂಮ್ (ಉದ್ದ ಕೋಲಿನ ತುದಿಯ ಮೈಕ್), ಒಳಗಿನವರಿಗೆ ಬಟ್ಟೆಗೆ ಸಿಕ್ಕಿಸುವ ಲೇಪಲ್ ಮೈಕ್. ಒಂದೇ ಬೂಮ್ ಇಬ್ಬರ ನಡುವೆ ತಿರುಗಿದರೆ ಪ್ರತಿ ವಾಕ್ಯಕ್ಕೂ ಹಿನ್ನೆಲೆ ಸದ್ದು ಬದಲಾಗಿ ಕಟ್ ಮಾಡಲು ಬರುವುದಿಲ್ಲ. ಬಾಗಿಲ ಹಿಂದಿನ ಖಾಲಿ ಹಜಾರದಲ್ಲಿ ಎರಡು ದಪ್ಪ ಕಂಬಳಿ ತೂಗಿಬಿಟ್ಟರೆ ಮಾರ್ದನಿ ಬಹಳ ಮಟ್ಟಿಗೆ ಇಳಿಯುತ್ತದೆ. ಯಾರೂ ಮಾತಾಡದಾಗ ಜಾಗದಲ್ಲಿರುವ ಸದ್ದು, ಅಂದರೆ ರೂಮ್ ಟೋನ್, ಒಂದು ನಿಮಿಷ ಹೊರಗೆ, ಒಂದು ನಿಮಿಷ ಒಳಗೆ, ಕದ ತೆರೆದಿಟ್ಟು ಇನ್ನೊಂದು ನಿಮಿಷ.

ಮಾರುವ ಮಾತನ್ನು ಇಬ್ಬರು ನಟರೂ ಮಂತ್ರದಂತೆ ಬಾಯಿಪಾಠ ಮಾಡಬೇಕು. ನಡುವೆ ಯಾರೇ ತಡೆದರೂ ನಿಂತ ಪದದಿಂದಲೇ ಮುಂದುವರಿಯುವಷ್ಟು. ಅಭ್ಯಾಸದಲ್ಲಿ ಅವರಿಗೆ ಯಂತ್ರ ಜೋಡಿಸುವ ಕೆಲಸ ಕೊಟ್ಟು ಮಾತಾಡಿಸಬೇಕು. ಕೈ ಮತ್ತು ಬಾಯಿ ಬೇರೆಬೇರೆ ಓಡುವುದು ನಿಜವಾದ ಮಾರಾಟಗಾರರ ಲಕ್ಷಣ. ಬಾಗಿಲು ತೆರೆಯುವವರಿಗೆ ಈ ಮಾತಿನ ಪ್ರತಿ ಕೊಡಬಾರದು. ಅವರಿಗೆ ತಿಳಿದಿರಬೇಕಾದದ್ದು ಒಂದೇ: ತಾವು ಆ ಹೊತ್ತಿನಲ್ಲಿ ಯಾವ ಕೆಲಸ ಬಿಟ್ಟು ಬಂದಿದ್ದೇವೆ, ಅದಕ್ಕೆ ಎಷ್ಟು ಅವಸರವಿದೆ. ಅವರ ಮುಖದ ಶಾಟ್ ಮೊದಲು ತೆಗೆಯಬೇಕು. ಮೂರನೇ ಟೇಕ್ ಹೊತ್ತಿಗೆ ಅಚ್ಚರಿ ಹೋಗಿ ಅಭಿನಯ ಬರುತ್ತದೆ, ಸೇಲ್ಸ್‌ಮನ್ ಕಡೆಯ ಶಾಟ್ ಎಷ್ಟು ಟೇಕ್ ಆದರೂ ಕೆಡುವುದಿಲ್ಲ. ಕ್ಯಾಮೆರಾ ಒಂದೇ ಇದ್ದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳದಂತೆ ನೋಡಿಕೊಳ್ಳಿ, ಮೇಲೆ ಬೀಳುವುದನ್ನು ಸಂಕಲನದಲ್ಲಿ ಮಾಡಬಹುದು. ಜಗಳದ ದೃಶ್ಯಗಳಿಗೆ ಮಾತ್ರ ಎರಡನೇ ಕ್ಯಾಮೆರಾ ಬಾಡಿಗೆಗೆ ತಂದರೆ ಆ ದುಡ್ಡು ವ್ಯರ್ಥವಲ್ಲ.

ಶೆಡ್ಯೂಲ್ ಮನೆವಾರು ಆಗುವುದರಿಂದ ಕಥೆಯ ಮೊದಲ ದಿನ ಮತ್ತು ಕೊನೆಯ ದಿನ ಒಂದೇ ಬೆಳಿಗ್ಗೆ ಚಿತ್ರೀಕರಣವಾಗುತ್ತದೆ. ಇಬ್ಬರ ಅಂಗಿ, ಬೂಟು, ಪೆಟ್ಟಿಗೆಗೆ ಮೂರು ಹಂತ ಮಾಡಿಟ್ಟೆವು: ಹೊಸದು, ಮಾಸಿದ್ದು, ಹರಿದದ್ದು. ಪೆಟ್ಟಿಗೆಯ ಯಾವ ಮೂಲೆ ಯಾವ ದೃಶ್ಯದಲ್ಲಿ ಜಜ್ಜಿತು ಎಂಬ ಚಾರ್ಟ್ ಕಂಟಿನ್ಯೂಯಿಟಿ ನೋಡುವವರ ಕೈಯಲ್ಲಿರಬೇಕು. ಹಿರಿಯ, ಕಿರಿಯ ಇಬ್ಬರಿಗೂ ಅದೇ ಬಾಗಿಲಿನಲ್ಲಿ ದೃಶ್ಯವಿದ್ದರೆ ಒಂದರ ಬೆನ್ನಿಗೆ ಒಂದು ತೆಗೆಯಿರಿ, ನೆರಳು ಜರುಗುವುದರೊಳಗೆ.

ಸಂಕಲನಕ್ಕೆ ಬಂದಾಗ ಚಿತ್ರ ಉದ್ದವಾಗಿರುತ್ತದೆ, ಉದ್ದವೆಲ್ಲ ಮಾರುವ ಮಾತಿನಲ್ಲಿರುತ್ತದೆ. ಒಬ್ಬೊಬ್ಬ ಸೇಲ್ಸ್‌ಮನ್‌ನ ಪೂರ್ತಿ ಮಾತು ಒಂದೇ ಸಲ ಕೇಳಿಸಲಿ. ಎರಡನೇ ಬಾಗಿಲಲ್ಲಿ ಅರ್ಧ, ಮೂರರ ನಂತರ ಮೊದಲ ನಾಲ್ಕು ಪದ ಮತ್ತು ಕೊನೆಯ ನಾಲ್ಕು ಪದ. ನಡುವಿನದನ್ನು ನೋಡುಗರೇ ತುಂಬಿಕೊಳ್ಳುತ್ತಾರೆ. ಬೆಲ್ಲಿನಿಂದ ಬಾಗಿಲಿಗೆ ಸಾಮಾನ್ಯ ಅಂತರ ಎರಡು ಸೆಕೆಂಡು ಇಟ್ಟು ಕಿವಿಗೆ ಅಭ್ಯಾಸ ಮಾಡಿಸಿದರೆ, ಅದನ್ನು ಏಳಕ್ಕೆ ಎಳೆದಾಗ ಅಥವಾ ಬೆಲ್ ಒತ್ತುವ ಮೊದಲೇ ಬಾಗಿಲು ತೆರೆದಾಗ ನಗು ಬರುತ್ತದೆ. ಅಭ್ಯಾಸವಾಗುವ ಮೊದಲೇ ಮುರಿದರೆ ಏನೂ ಆಗುವುದಿಲ್ಲ. ಕಟ್ ಮಾಡಬೇಕಾದಲ್ಲಿ ಬಾಗಿಲು ತೆರೆದವರ ಮುಖಕ್ಕೆ ಕಟ್ ಮಾಡಿ, ಮಾತಾಡುವವನ ಕ್ಲೋಸಪ್ ಮಾತನ್ನು ಭಾರ ಮಾಡುತ್ತದೆ. ಮಾರುವ ಮಾತಿನ ಕೆಳಗೆ ಸಂಗೀತ ಬೇಡ, ಆ ಮಾತಿಗೆ ತನ್ನದೇ ತಾಳವಿದೆ.

ಒಬ್ಬರೇ ಕೂತು ಸಂಕಲಿಸಿದ ಹಾಸ್ಯವನ್ನು ನಂಬಬಾರದು. ಕಥೆ ಗೊತ್ತಿಲ್ಲದ ಹದಿನೈದಿಪ್ಪತ್ತು ಮಂದಿಯನ್ನು ಒಟ್ಟಿಗೆ ಕೂರಿಸಿ ತೋರಿಸಿ. ಮುಂದೆ ಒಂದು ರೆಕಾರ್ಡರ್ ಇಟ್ಟು ಅವರ ಸದ್ದನ್ನು ಹಿಡಿದು, ಆ ಟ್ರ್ಯಾಕನ್ನು ಟೈಮ್‌ಲೈನ್‌ನಲ್ಲಿ ಚಿತ್ರದ ಕೆಳಗೇ ಹೊಂದಿಸಿ. ಎಲ್ಲಿ ನಕ್ಕರು, ಎಲ್ಲಿ ಕುರ್ಚಿ ಕಿರುಗುಟ್ಟಿತು, ಯಾವ ವಾಕ್ಯ ನಗುವಿನಡಿ ಮುಳುಗಿತು ಎಂದು ಫ್ರೇಮಿನ ಲೆಕ್ಕದಲ್ಲಿ ಸಿಗುತ್ತದೆ. ನೋಡಿದವರು ಬರೆದುಕೊಡುವ ಅಭಿಪ್ರಾಯಕ್ಕಿಂತ ಇದು ನೂರು ಪಾಲು ಉಪಯುಕ್ತ. ಮುಳುಗಿದ ವಾಕ್ಯ ಕಥೆಗೆ ಬೇಕಾದದ್ದಾದರೆ ಅದನ್ನು ನಗುವಿಗಿಂತ ಮುಂಚೆ ತನ್ನಿ. ನಗುವಿಗೆಂದು ಖಾಲಿ ಜಾಗ ಬಿಟ್ಟರೆ ನಗದ ಸಭೆಯಲ್ಲಿ ಚಿತ್ರ ನಿಂತುಹೋಗುತ್ತದೆ. ಅಲ್ಲಿ ಕಳೆದುಹೋದರೂ ನಷ್ಟವಿಲ್ಲದ ಮಾತು, ಯಂತ್ರ ಮಡಚುವಂಥ ಕೆಲಸ ಇಡುವುದು ಕ್ಷೇಮ.

ಉಪಶೀರ್ಷಿಕೆಗೆ ಮಾರುವ ಮಾತು ಪೂರ್ತಿ ಹಿಡಿಸುವುದಿಲ್ಲ. ಮಾತು ಓಡಿದಷ್ಟು ವೇಗಕ್ಕೆ ಕಣ್ಣು ಓದಲಾರದು, ಎರಡು ಸಾಲಿಗೆ ಇಳಿಸಲೇಬೇಕು. ನಗುವಿನ ಪದ ಸಾಲಿನ ಕೊನೆಗೆ ಬರುವಂತೆ ಒಡೆದು, ಆ ಪದ ಬಾಯಿಗೆ ಬರುವ ಹೊತ್ತಿಗೆ ಹೊಸ ಉಪಶೀರ್ಷಿಕೆಯಾಗಿ ಬಿಡಿ, ಇಲ್ಲದಿದ್ದರೆ ನಟ ಹೇಳುವ ಮೊದಲೇ ಸಭೆ ಓದಿ ನಕ್ಕಿರುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರಿಗೆ ಕೊಡುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ ಮಾಡುವಾಗ ಸೆಕೆಂಡಿಗೆ 24 ಫ್ರೇಮ್, 2ಕೆ ಫ್ಲ್ಯಾಟ್ ಎಂಬ ಚಿತ್ರದ ಅಳತೆಗೆ 1998×1080 ಪಿಕ್ಸೆಲ್. 25 ಫ್ರೇಮಿನಲ್ಲಿ ಚಿತ್ರೀಕರಿಸಿದ್ದರೆ 24ಕ್ಕೆ ಇಳಿಸಿದಾಗ ಇಡೀ ಚಿತ್ರ ಶೇ. 4ರಷ್ಟು ನಿಧಾನವಾಗುತ್ತದೆ. ಬೇರೆ ಚಿತ್ರಕ್ಕೆ ಅದು ಗೊತ್ತೇ ಆಗದಿರಬಹುದು, ಬೆಲ್ಲಿನ ಅಂತರದ ಮೇಲೆ ನಿಂತ ಚಿತ್ರಕ್ಕೆ ಗೊತ್ತಾಗುತ್ತದೆ, ಆದ್ದರಿಂದ ಮೊದಲಿನಿಂದಲೇ 24 ಇಟ್ಟುಕೊಳ್ಳಿ. ಸಂಭಾಷಣೆ ಮಧ್ಯದ ಸ್ಪೀಕರಿಗೆ, ಬೀದಿಯ ಸದ್ದು ಎಡಬಲಕ್ಕೆ. ಮಿಕ್ಸ್ ಮುಗಿದ ಮೇಲೆ ಡಿಸಿಪಿಯನ್ನು ಒಂದು ದೊಡ್ಡ ಹಾಲಿನಲ್ಲಿ ಓಡಿಸಿ, ಕೊನೆಯ ಸಾಲಿನಲ್ಲಿ ಕೂತು ಬೆಲ್ ಮತ್ತು ಕದ ಬಡಿಯುವ ಸದ್ದಿನ ಮಟ್ಟವನ್ನು ಕೇಳಿ. ಸ್ಟುಡಿಯೊದಲ್ಲಿ ಸರಿಯೆನಿಸಿದ ಬೆಲ್ ಅಲ್ಲಿ ಕಿವಿಗೆ ಚುಚ್ಚಬಹುದು. ಚುಚ್ಚಿದರೆ ಎರಡು ಮೂರು ಡೆಸಿಬಲ್ ಇಳಿಸಿ ಮತ್ತೆ ಡಿಸಿಪಿ ಮಾಡಿಸಬೇಕು.